ಸರದಿ ಮಾರಾಟಕ್ಕಿದೆ

ಡಿಸೆಂಬರ್ ತಿಂಗಳ ಕೊನೆಯ ದಿನಗಳಲ್ಲಿ ಬೆಂಗಳೂರಿನಿಂದ ಬಿಡದಿಯತ್ತ ಹೋದವರಿಗೆ ಆ ದೃಶ್ಯ ಹೊಸದಲ್ಲ. ಮುಂದಿನ ಗಾಜಿನ ಕೆಳಗೆ ಶಾಲೆಯ ಹೆಸರಿನ ಬ್ಯಾನರ್ ಕಟ್ಟಿಕೊಂಡ ಬಸ್ಸುಗಳು ಒಂದರ ಹಿಂದೊಂದು ಬರುತ್ತಿರುತ್ತವೆ. ರಾತ್ರಿಯೆಲ್ಲ ಪ್ರಯಾಣ ಮಾಡಿ, ಬೆಳಗಿನ ಜಾವ ಯಾವುದೋ ಛತ್ರದಲ್ಲಿ ಮುಖ ತೊಳೆದು, ಮೇಷ್ಟ್ರು ಹಂಚಿದ ಉಪ್ಪಿಟ್ಟು ತಿಂದು ಬಂದ ದೂರದೂರಿನ ಮಕ್ಕಳು ಅದರೊಳಗಿರುತ್ತಾರೆ. ಅವರ ಪಕ್ಕದಲ್ಲೇ ಕ್ರಿಸ್‌ಮಸ್ ರಜೆ ಸಿಕ್ಕ ಕಾನ್ವೆಂಟ್ ಮಕ್ಕಳ ಕಾರುಗಳು, ವರ್ಷಾಂತ್ಯಕ್ಕೆ ಉಳಿದ ರಜೆಯನ್ನು ಖರ್ಚು ಮಾಡಲು ಹೊರಟ ಕಂಪನಿ ನೌಕರರ ಗುಂಪುಗಳು, ಹೆಂಡತಿ ಮಕ್ಕಳನ್ನು ಹಿಂದೆ ಕೂರಿಸಿಕೊಂಡು ತಮ್ಮ ಆಟೋದಲ್ಲೇ ಬಂದ ಚಾಲಕರು. ನಮ್ಮ ಸರಕಾರಿ ಶಾಲೆಗಳ ಮಧ್ಯಂತರ ರಜೆ ದಸರೆಗೇ ಮುಗಿದಿರುತ್ತದೆ, ನಿಜ. ಆದರೆ ಮಳೆ ನಿಂತ, ಪರೀಕ್ಷೆ ಇನ್ನೂ ದೂರವಿರುವ ಡಿಸೆಂಬರ್ ಶಾಲಾ ಪ್ರವಾಸದ ತಿಂಗಳು. ಹೀಗೆ ಬೇರೆ ಎಲ್ಲೂ ಒಟ್ಟಿಗೆ ಸೇರದ ಜನ ಒಂದೇ ಗೇಟಿನ ಮುಂದೆ ಬಂದು ನಿಲ್ಲುವ ಕಾಲ ಇದು. ಗೇಟಿನ ಒಳಗೆ ಹೋದ ಮೇಲೆ ಇವರಿಗೆ ಏನಾಗುತ್ತದೆ ಎಂಬುದೇ ಈ ಲೇಖನದ ವಿಷಯ.

ಮೊದಲೇ ಒಂದು ಮಾತು ಹೇಳಿಬಿಡಬೇಕು. ಥೀಮ್ ಪಾರ್ಕ್ ಎಂದ ಕೂಡಲೇ ಕೊಳ್ಳುಬಾಕ ಸಂಸ್ಕೃತಿ, ಜಾಗತೀಕರಣದ ಭೂತ, ಅಮೆರಿಕದ ಅನುಕರಣೆ ಎಂದು ಬೈದು ಕೈ ತೊಳೆದುಕೊಳ್ಳುವ ಅಭ್ಯಾಸ ನಮ್ಮ ಲೇಖಕರಲ್ಲಿ ಬೇಕಾದಷ್ಟಿದೆ. ನನಗೆ ಆ ಸಾಲಿಗೆ ಸೇರುವ ಆಸೆಯಿಲ್ಲ. ಮಕ್ಕಳಿಗೆ ಆಟ ಬೇಕು. ದೊಡ್ಡವರಿಗೂ ಬೇಕು. ಎತ್ತರಕ್ಕೆ ಏರಿ ಒಮ್ಮೆಲೇ ಕೆಳಗಿಳಿಯುವಾಗ ಹೊಟ್ಟೆಯೊಳಗೆ ಏಳುವ ಆ ಕಚಗುಳಿಯನ್ನು ಬಂಡವಾಳಶಾಹಿ ಕಂಡುಹಿಡಿದದ್ದಲ್ಲ. ಊರಿನ ರಥೋತ್ಸವಕ್ಕೆ, ಉರುಸಿಗೆ, ಮೈಸೂರಿನ ದಸರಾ ವಸ್ತುಪ್ರದರ್ಶನಕ್ಕೆ ಬರುತ್ತಿದ್ದ ಕಬ್ಬಿಣದ ತೊಟ್ಟಿಲಿನಲ್ಲಿ ಕೂತು ನಮ್ಮ ಅಪ್ಪ ಅಮ್ಮಂದಿರೂ ಕಿರುಚಿದವರೇ. ಜಾತ್ರೆ ಮುಗಿದ ಮೇಲೆ ಬಿಚ್ಚಿ ಲಾರಿಗೆ ಹೇರುತ್ತಿದ್ದ ಆ ತೊಟ್ಟಿಲು ಈಗ ಒಂದೇ ಕಡೆ ನೆಲೆ ನಿಂತಿದೆ, ದೊಡ್ಡದಾಗಿದೆ, ಬಹುಶಃ ಹೆಚ್ಚು ಸುರಕ್ಷಿತವೂ ಆಗಿದೆ. ಅದರಲ್ಲಿ ಹಳಹಳಿಸುವಂಥದ್ದು ಏನೂ ಇಲ್ಲ.

ನಮ್ಮ ದೇಶದಲ್ಲಿ ಇಂಥ ಉದ್ಯಾನಗಳಿಗೆ ಬಹಳ ಹಳೆಯ ಚರಿತ್ರೆಯೂ ಇಲ್ಲ. ದೆಹಲಿಯ ಪ್ರಗತಿ ಮೈದಾನದಲ್ಲಿ 1984ರಲ್ಲಿ ಅಪ್ಪು ಘರ್ ಬಂತು. 1982ರ ಏಷ್ಯನ್ ಕ್ರೀಡಾಕೂಟದ ಲಾಂಛನವಾಗಿದ್ದ ಆನೆಮರಿ ಅಪ್ಪುವಿನ ಹೆಸರೇ ಅದಕ್ಕೆ. ಆ ಉದ್ಯಾನ 2008ರಲ್ಲಿ ಬಾಗಿಲು ಹಾಕಿತು. 1989ರಲ್ಲಿ ಮುಂಬಯಿಗೆ ಎಸ್ಸೆಲ್ ವರ್ಲ್ಡ್ ಬಂತು. 2000ದಲ್ಲಿ ಕೊಚ್ಚಿಯಲ್ಲಿ ವೀಗಾಲ್ಯಾಂಡ್ ಕಟ್ಟಿದ ಉದ್ಯಮಿಯೇ 2005ರಲ್ಲಿ ಬಿಡದಿಯ ಬಳಿ ವಂಡರ್‌ಲಾ ತೆರೆದರು. ಇಲ್ಲಿ ಬಂದ ಪದ್ಧತಿ ಜಾತ್ರೆಯದ್ದಕ್ಕಿಂತ ಬೇರೆ. ಜಾತ್ರೆಯಲ್ಲಿ ಒಂದೊಂದು ಆಟಕ್ಕೂ ಒಂದೊಂದು ಸಲ ದುಡ್ಡು ಕೊಡಬೇಕಿತ್ತು. ಕಿಸೆ ಖಾಲಿಯಾದ ಹುಡುಗ ದೂರ ನಿಂತು ನೋಡುತ್ತಿದ್ದ. ಇಲ್ಲಿ ಗೇಟಿನಲ್ಲಿ ಒಮ್ಮೆ ಟಿಕೆಟ್ ಕೊಂಡರೆ ಹೆಚ್ಚುಕಡಿಮೆ ಎಲ್ಲ ಆಟವೂ ನಿಮ್ಮದೇ. ಟಿಕೆಟ್ ದುಬಾರಿ, ಒಪ್ಪೋಣ. ಬಡವರಲ್ಲಿ ಬಡವರಿಗೆ ಅದು ಎಟುಕುವುದೇ ಇಲ್ಲ ಎಂಬುದೂ ನಿಜ. ಆದರೂ ಹೇಗೋ ಕೂಡಿಟ್ಟು ಒಳಗೆ ಬಂದವರ ನಡುವೆ ಒಂದು ಬಗೆಯ ಸಮಾನತೆ ಇತ್ತು. ಅಲ್ಲಿ ಯಾರೂ ಯಾರ ಜಾತಿ ಕೇಳುವುದಿಲ್ಲ, ಹೆಸರು ಕೇಳುವುದಿಲ್ಲ. ತಲೆಗೆ ಸ್ಕಾರ್ಫ್ ಕಟ್ಟಿದ ಹುಡುಗಿ, ಹಣೆಗೆ ವಿಭೂತಿ ಹಚ್ಚಿದ ಹುಡುಗ, ಕೊರಳಲ್ಲಿ ಶಿಲುಬೆ ಇರುವ ಅವರ ಗೆಳತಿ ಒಂದೇ ಕಬ್ಬಿಣದ ಸರಳನ್ನು ಹಿಡಿದು ಒಟ್ಟಿಗೆ ಕಿರುಚುತ್ತಾರೆ. ಇಂದಿನ ಕರ್ನಾಟಕದಲ್ಲಿ ಇಂಥ ಜಾಗಗಳು ಎಷ್ಟು ಉಳಿದಿವೆ ಎಂದು ಯೋಚಿಸಿ ನೋಡಿ. ಬೇರೆ ಬೇರೆ ಬೀದಿಯವರು, ಬೇರೆ ಬೇರೆ ಶಾಲೆಯವರು ಒಂದು ಹಗಲನ್ನು ಒಟ್ಟಿಗೆ ಕಳೆಯುವ ಜಾಗ ಸಣ್ಣ ಸಂಗತಿಯಲ್ಲ.

ಈ ಸಮಾನತೆಯನ್ನು ಕಾಪಾಡುತ್ತಿದ್ದದ್ದು ಯಾವುದು? ರೋಲರ್ ಕೋಸ್ಟರ್ ಅಲ್ಲ, ಅದರ ಮುಂದೆ ಇದ್ದ ಸರದಿ ಸಾಲು.

ಸಾಲಿನಲ್ಲಿ ನಿಲ್ಲುವುದು ಬೇಸರದ ಕೆಲಸ. ಆದರೆ ಸಾಲು ಎಂಬುದು ನಾಗರಿಕತೆಯ ದೊಡ್ಡ ಕಲಿಕೆಗಳಲ್ಲಿ ಒಂದು. ಊರ ಬಾವಿಯಲ್ಲಿ ಯಾರು ಮೊದಲು ಕೊಡ ಇಳಿಬಿಡಬೇಕು, ಯಾರು ದೂರದಲ್ಲಿ ಕಾಯಬೇಕು, ಯಾರು ಬರಲೇಬಾರದು ಎಂಬುದನ್ನು ಹುಟ್ಟಿನ ಮೇಲೆ ತೀರ್ಮಾನಿಸುತ್ತಿದ್ದ ಸಮಾಜ ನಮ್ಮದು. ಗೌಡರ ಮನೆಯವರು ಬಂದರೆ ಉಳಿದವರು ಸರಿದು ನಿಲ್ಲಬೇಕಿತ್ತು. ಅಂಥ ಸಮಾಜಕ್ಕೆ ಬೀದಿ ನಲ್ಲಿಯ ಮುಂದೆ ಕೊಡ ಇಟ್ಟು ಹಿಡಿಯುವ ಸರದಿ, ನ್ಯಾಯಬೆಲೆ ಅಂಗಡಿಯ ಮುಂದಿನ ಸರದಿ, ಬಸ್ ನಿಲ್ದಾಣದ ಟಿಕೆಟ್ ಕಿಂಡಿಯ ಮುಂದಿನ ಸರದಿ ಹೊಸ ನ್ಯಾಯವನ್ನೇ ಕಲಿಸಿದವು. ಸಾಲು ನಿಮ್ಮನ್ನು ಕೇಳುವ ಪ್ರಶ್ನೆ ಒಂದೇ: ನೀವು ಯಾವಾಗ ಬಂದಿರಿ? ನೀವು ಯಾರ ಮಗ, ಯಾವ ಕೇರಿಯವರು, ನಿಮ್ಮ ಹತ್ತಿರ ಎಷ್ಟಿದೆ ಎಂದು ಅದು ಕೇಳುವುದಿಲ್ಲ. ಮೊದಲು ಬಂದವರಿಗೆ ಮೊದಲು. ಇಷ್ಟು ಸರಳವಾದ, ಮಗುವಿಗೂ ಅರ್ಥವಾಗುವ ಇನ್ನೊಂದು ನ್ಯಾಯವನ್ನು ನಾವು ಇನ್ನೂ ಕಂಡುಕೊಂಡಿಲ್ಲ.

ಥೀಮ್ ಪಾರ್ಕುಗಳು ಈಗ ಮಾರುತ್ತಿರುವುದು ಇದನ್ನೇ.

ವಂಡರ್‌ಲಾದಲ್ಲಿ ಇದಕ್ಕೆ ಫಾಸ್ಟ್‌ಟ್ರ್ಯಾಕ್ ಎಂದು ಹೆಸರು. ಅಮೆರಿಕದ ಯೂನಿವರ್ಸಲ್ ಉದ್ಯಾನಗಳಲ್ಲಿ ಎಕ್ಸ್‌ಪ್ರೆಸ್ ಪಾಸ್, ಡಿಸ್ನಿಯವರಲ್ಲಿ ಲೈಟ್ನಿಂಗ್ ಲೇನ್. ಹೆಸರು ಬೇರೆಯಾದರೂ ಸರಕು ಒಂದೇ. ಸಾಮಾನ್ಯ ಟಿಕೆಟ್ಟಿಗಿಂತ ಎಷ್ಟೋ ಹೆಚ್ಚಿನ ಬೆಲೆ ತೆತ್ತವರಿಗೆ ಬೇರೆ ದಾರಿ. ಅವರು ಆ ದಾರಿಯಲ್ಲಿ ನಡೆದು ಬಂದು, ಬೆಳಗಿನಿಂದ ನಿಂತವರ ಮುಂದೆ ಸೇರಿಕೊಂಡು, ಕೂತು, ಹೋಗಿಬಿಡುತ್ತಾರೆ. ಎರಡೂ ಸಾಲು ಕೂಡುವ ಕಡೆ ಸಮವಸ್ತ್ರದ ಹುಡುಗನೊಬ್ಬ ನಿಂತಿರುತ್ತಾನೆ. ಯಾವ ಕಡೆಯಿಂದ ಎಷ್ಟು ಜನರನ್ನು ಬಿಡಬೇಕೆಂದು ಅವನಿಗೆ ಮೇಲಿನವರು ಹೇಳಿರುತ್ತಾರೆ. ಸಾಲಿನಲ್ಲಿ ನಿಂತವರ ಸಿಟ್ಟನ್ನೆಲ್ಲ ನುಂಗಬೇಕಾದವನು ಮಾತ್ರ ಅವನೇ.

ಇದರ ಜಾಹೀರಾತು ಹೇಳುವುದು ‘ನಿಮ್ಮ ಸಮಯ ಉಳಿಸಿ’ ಎಂದು. ಈ ಮಾತಿನ ಸುಳ್ಳು ಎಲ್ಲಿದೆ ಎಂದು ತಿಳಿಯಲು ಸ್ವಲ್ಪ ಲೆಕ್ಕ ಬೇಕು. ಯಾವುದೇ ಆಟದ ಯಂತ್ರಕ್ಕೂ ಒಂದು ಮಿತಿ ಇದೆ. ಎಷ್ಟು ಆಸನ, ಹತ್ತಿಸಲು ಇಳಿಸಲು ಎಷ್ಟು ನಿಮಿಷ, ಒಂದು ಸುತ್ತಿಗೆ ಎಷ್ಟು ನಿಮಿಷ ಎಂಬುದರ ಮೇಲೆ ಗಂಟೆಗೆ ಇಷ್ಟೇ ಜನ ಎಂದು ನಿಗದಿಯಾಗಿರುತ್ತದೆ. ಉದಾಹರಣೆಗೆ, ಒಂದು ಯಂತ್ರ ಗಂಟೆಗೆ 1,000 ಜನರನ್ನು ಆಡಿಸುತ್ತದೆ ಎಂದಿಟ್ಟುಕೊಳ್ಳೋಣ. ನೀವು ಹೋಗಿ ನಿಂತಾಗ ನಿಮ್ಮ ಮುಂದೆ 1,400 ಜನ ಇದ್ದಾರೆ. ಎಲ್ಲರೂ ನಿಮಗಿಂತ ಮೊದಲು ಬಂದವರು, ಅವರ ಬಗ್ಗೆ ನಿಮಗೆ ದೂರಿಲ್ಲ. ನಿಮ್ಮ ಸರದಿ ಬರಲು 84 ನಿಮಿಷ ಬೇಕು. ಈಗ ನಿಮ್ಮ ನಂತರ ಬಂದು ಹೆಚ್ಚು ದುಡ್ಡು ಕೊಟ್ಟ 300 ಜನರನ್ನು ಪ್ರತಿ ಗಂಟೆಯೂ ಪಕ್ಕದ ಬಾಗಿಲಿನಿಂದ ಬಿಟ್ಟರು ಎನ್ನಿ. ನಿಮ್ಮ ಸಾಲಿಗೆ ಉಳಿದದ್ದು ಗಂಟೆಗೆ 700 ಆಸನ. ಅದೇ 1,400 ಜನ ಕರಗಲು ಈಗ 120 ನಿಮಿಷ ಬೇಕು. ನಿಮ್ಮ 36 ನಿಮಿಷ ಎಲ್ಲಿ ಹೋಯಿತು?

ಯಂತ್ರ ಒಂದು ಸುತ್ತನ್ನೂ ಹೆಚ್ಚಿಗೆ ತಿರುಗಿಲ್ಲ. ಕಂಪನಿ ಒಂದು ಆಸನವನ್ನೂ ಹೊಸದಾಗಿ ಹಾಕಿಲ್ಲ. ಆ 300 ಜನ ಉಳಿಸಿಕೊಂಡ ಸಮಯ ಎಲ್ಲಿಂದಲೋ ಉದುರಿದ್ದಲ್ಲ, ನಿಮ್ಮಿಂದ ಕಿತ್ತುಕೊಂಡದ್ದು. ಮಾರಿದ ಸರಕು ನಿಮ್ಮದು, ದುಡ್ಡು ಹೋದದ್ದು ಕಂಪನಿಯ ಗಲ್ಲಾಪೆಟ್ಟಿಗೆಗೆ. ನಿಮ್ಮ ಮನೆಯ ಅಕ್ಕಿಯನ್ನು ನಿಮ್ಮನ್ನು ಕೇಳದೆ ಅಂಗಡಿಯವನು ಪಕ್ಕದ ಮನೆಯವರಿಗೆ ಮಾರಿದರೆ ಅದಕ್ಕೆ ನಾವು ವ್ಯಾಪಾರ ಎನ್ನುವುದಿಲ್ಲ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ನೋಡಿ. ಜನವಿಲ್ಲದ ಜುಲೈ ತಿಂಗಳ ಮಳೆಯ ಮಂಗಳವಾರ ಈ ಟಿಕೆಟ್ಟನ್ನು ಯಾರು ಕೊಳ್ಳುತ್ತಾರೆ? ಸಾಲೇ ಇಲ್ಲದ ಕಡೆ ಸಾಲು ದಾಟುವ ಹಕ್ಕಿಗೆ ಬೆಲೆ ಎಲ್ಲಿಯದು? ಸಾಲು ಉದ್ದವಾದಷ್ಟೂ ಈ ಸರಕಿನ ಬೆಲೆ ಏರುತ್ತದೆ. ಎಂದರೆ, ಸಾಲು ಕರಗಿಸುವ ಹೊಣೆ ಹೊತ್ತವರಿಗೇ ಸಾಲು ಉದ್ದವಿದ್ದರೆ ಲಾಭ. ದಿನಕ್ಕೆ ಇಷ್ಟೇ ಜನ ಎಂದು ಗೇಟಿನಲ್ಲಿ ತಡೆದರೆ, ಇನ್ನೊಂದು ಯಂತ್ರ ಹಾಕಿದರೆ, ಹತ್ತಿಸಲು ಇಳಿಸಲು ಇನ್ನಿಬ್ಬರನ್ನು ನೇಮಿಸಿದರೆ ಸಾಲು ಚಿಕ್ಕದಾಗುತ್ತದೆ. ಆದರೆ ಆಗ ಫಾಸ್ಟ್ ಟಿಕೆಟ್ ಯಾರಿಗೆ ಬೇಕು? ಯಾವ ಮಾಲೀಕರೂ ಬೇಕೆಂದೇ ಸಾಲು ಬೆಳೆಸುತ್ತಾರೆ ಎಂದು ನಾನು ಆರೋಪಿಸುತ್ತಿಲ್ಲ. ಸಾಲು ಚಿಕ್ಕದಾಗಲಿ ಎಂಬ ಆಸಕ್ತಿಯನ್ನು ಈ ಪದ್ಧತಿ ಅವರಲ್ಲಿ ಉಳಿಸುವುದಿಲ್ಲ ಎನ್ನುತ್ತಿದ್ದೇನೆ. ಡಿಸೆಂಬರ್ ರಜೆಯ ಜನಜಂಗುಳಿ ನಮಗೆ ಕಷ್ಟ, ಅವರಿಗೆ ಫಸಲು.

ಈ ದಾರಿ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ನೋಡಬೇಕಾದರೆ ಇದರ ತವರಾದ ಅಮೆರಿಕದ ಕಡೆ ತಿರುಗಬೇಕು. ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್ ಆರಂಭವಾದದ್ದು 1955ರ ಜುಲೈ 17ರಂದು. ಅಲ್ಲೂ ಮೊದಮೊದಲು ನಮ್ಮ ಜಾತ್ರೆಯಂತೆ ಆಟಕ್ಕೊಂದು ಚೀಟಿ ಇತ್ತು. ಒಳ್ಳೆಯ ಆಟಕ್ಕೆ ಹೆಚ್ಚು ಬೆಲೆಯ ಚೀಟಿ. 1982ರಲ್ಲಿ ಆ ಚೀಟಿ ಪುಸ್ತಕಗಳು ಹೋಗಿ, ಒಂದೇ ಟಿಕೆಟ್ಟಿಗೆ ಎಲ್ಲ ಆಟ ಎಂಬ ಪದ್ಧತಿ ಬಂತು. ಸಾಲು ಬೆಳೆಯಿತು. 1999ರಲ್ಲಿ ಅವರೇ ಅದಕ್ಕೆ ಒಂದು ಪರಿಹಾರ ಕಂಡುಕೊಂಡರು, ಫಾಸ್ಟ್‌ಪಾಸ್. ಆಟದ ಮುಂದಿನ ಯಂತ್ರಕ್ಕೆ ನಿಮ್ಮ ಟಿಕೆಟ್ ತೋರಿಸಿದರೆ ಇಷ್ಟು ಗಂಟೆಗೆ ಬನ್ನಿ ಎಂದು ಚೀಟಿ ಕೊಡುತ್ತಿತ್ತು. ಆ ಹೊತ್ತಿಗೆ ಬಂದರೆ ಹೆಚ್ಚು ಕಾಯಬೇಕಿಲ್ಲ. ಅದಕ್ಕೆ ದುಡ್ಡಿರಲಿಲ್ಲ. ಗೇಟಿನ ಟಿಕೆಟ್ ಇದ್ದವರಿಗೆಲ್ಲ ಅದು ಸಿಗುತ್ತಿತ್ತು. ಅದರಲ್ಲೂ ಲೋಪಗಳಿದ್ದವು; ಬೆಳಿಗ್ಗೆ ಬೇಗ ಬಂದವರಿಗೆ, ಪದ್ಧತಿ ಅರಿತವರಿಗೆ ಅನುಕೂಲ ಹೆಚ್ಚಿತ್ತು. ಆದರೂ ಅದು ಸರದಿಯನ್ನು ಮಾರಲಿಲ್ಲ, ಹಂಚಿತು.

2016ರಲ್ಲಿ ಅದೇ ಸಂಸ್ಥೆ ಜನ ಹೆಚ್ಚು ಬರುವ ದಿನಕ್ಕೆ ಹೆಚ್ಚು ದರ ಎಂಬ ಪದ್ಧತಿಯನ್ನು ಗೇಟಿನ ಟಿಕೆಟ್ಟಿಗೂ ತಂದಿತು. ಕ್ರಿಸ್‌ಮಸ್ ವಾರ ಸಹಜವಾಗಿಯೇ ದುಬಾರಿ ದಿನಗಳ ಪಟ್ಟಿಗೆ ಸೇರಿತು. ಕೋವಿಡ್ ನಂತರ, 2021ರಲ್ಲಿ, ಉಚಿತ ಫಾಸ್ಟ್‌ಪಾಸನ್ನು ರದ್ದುಮಾಡಿ ಅದೇ ಜಾಗದಲ್ಲಿ ದುಡ್ಡಿನ ದಾರಿ ತೆರೆಯಲಾಯಿತು. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಎಲ್ಲರಿಗೂ ಉಚಿತವಾಗಿದ್ದದ್ದು ಒಂದು ದಿನ ಸರಕಾಯಿತು. 2024ರಲ್ಲಿ ಅದಕ್ಕೂ ಮೇಲಿನ ಪ್ರೀಮಿಯರ್ ಪಾಸ್ ಬಂತು. ಫ್ಲೋರಿಡಾದ ಉದ್ಯಾನದಲ್ಲಿ ಅತಿ ದಟ್ಟಣೆಯ ದಿನಗಳಿಗೆ ಅದರ ಬೆಲೆ ಒಬ್ಬರಿಗೆ, ಒಂದು ದಿನಕ್ಕೆ, 400 ಡಾಲರ್ ದಾಟಿತು. ಗೇಟಿನ ಟಿಕೆಟ್ ಬೇರೆ. ಒಂದು ಸಾಲು ಎರಡಾಗಿ, ಎರಡು ಮೂರಾಗುವುದು ಹೀಗೆ. ಎಲ್ಲರೂ ಎರಡನೆಯ ಸಾಲಿಗೆ ಬರತೊಡಗಿದರೆ ಅದೂ ಉದ್ದವಾಗುತ್ತದೆ, ಆಗ ಅದನ್ನೂ ದಾಟಲು ಇನ್ನೊಂದು ಟಿಕೆಟ್ ಮಾರಬಹುದು. ಇದಕ್ಕೆ ಕೊನೆ ಎಂಬುದಿಲ್ಲ.

ಈ ಚರಿತ್ರೆಯಲ್ಲಿ ನಾವು ಮರೆಯಬಾರದ ಇನ್ನೊಂದು ಅಧ್ಯಾಯವಿದೆ. ಡಿಸ್ನಿಯ ಉದ್ಯಾನಗಳಲ್ಲಿ ಅಂಗವಿಕಲರು ಮತ್ತು ಅವರ ಜೊತೆಗಿನವರು ಸಾಲಿನಲ್ಲಿ ನಿಲ್ಲದೆ ಹೋಗಲು ಒಂದು ಕಾರ್ಡು ಕೊಡಲಾಗುತ್ತಿತ್ತು. 2013ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ಪತ್ರಿಕೆಯೊಂದು ಒಂದು ವರದಿ ಪ್ರಕಟಿಸಿತು. ಮ್ಯಾನ್‌ಹಟನ್ನಿನ ಕೆಲವು ಶ್ರೀಮಂತ ತಾಯಂದಿರು ಅಂಗವಿಕಲರನ್ನು ಗಂಟೆಗೆ 130 ಡಾಲರ್ ಲೆಕ್ಕದಲ್ಲಿ ಬಾಡಿಗೆಗೆ ಪಡೆದು, ಅವರನ್ನು ತಮ್ಮ ಕುಟುಂಬದವರೆಂದು ತೋರಿಸಿ, ಮಕ್ಕಳನ್ನು ಮುಂದೆ ಕರೆದೊಯ್ಯುತ್ತಿದ್ದರು ಎಂದು. ದೊಡ್ಡ ಗಲಾಟೆಯಾಯಿತು. ಅದೇ ವರ್ಷ ಅಕ್ಟೋಬರಿನಲ್ಲಿ ಸಂಸ್ಥೆ ಹಳೆಯ ಕಾರ್ಡನ್ನು ರದ್ದುಮಾಡಿ ಬೇರೆ ವ್ಯವಸ್ಥೆ ತಂದಿತು. 2024ರಲ್ಲಿ ಅದನ್ನೂ ಇನ್ನಷ್ಟು ಬಿಗಿಮಾಡಿತು. ಮೊದಲು ಆ ಸೌಲಭ್ಯ ಪಡೆಯುತ್ತಿದ್ದ ಎಷ್ಟೋ ಅಂಗವಿಕಲರು ಹೊರಗುಳಿದು ಪ್ರತಿಭಟಿಸಿದರು. ಮೋಸ ಮಾಡಿದವರು ಯಾರೋ, ತೊಂದರೆ ಅನುಭವಿಸಿದವರು ಯಾರೋ. ಸರದಿಗೆ ಬೆಲೆ ಕಟ್ಟಬಹುದು ಎಂದು ಒಮ್ಮೆ ಒಪ್ಪಿಕೊಂಡ ಸಮಾಜದಲ್ಲಿ ಕರುಣೆಯಿಂದ ಕೊಟ್ಟ ಜಾಗಕ್ಕೂ ಗಿರಾಕಿ ಹುಟ್ಟಿಕೊಳ್ಳುತ್ತಾರೆ.

ಇದನ್ನೆಲ್ಲ ಹೇಳಿದರೆ ಬರುವ ಉತ್ತರಗಳು ನನಗೆ ಗೊತ್ತು. ಒಂದೊಂದಾಗಿ ನೋಡೋಣ.

ಇದು ಖಾಸಗಿ ವ್ಯಾಪಾರ, ರೈಲಿನಲ್ಲಿ ಫಸ್ಟ್ ಕ್ಲಾಸ್ ಇಲ್ಲವೇ ಎನ್ನುವವರಿದ್ದಾರೆ. ಇದೆ. ಆದರೆ ಫಸ್ಟ್ ಕ್ಲಾಸಿನಲ್ಲಿ ಮೆತ್ತನೆಯ ಹಾಸಿಗೆಯ ಮೇಲೆ ಮಲಗಿದವರೂ, ಜನರಲ್ ಬೋಗಿಯಲ್ಲಿ ಕಾಲು ಮಡಚಿ ಕೂತವರೂ ಹುಬ್ಬಳ್ಳಿಗೆ ಮುಟ್ಟುವುದು ಒಂದೇ ಹೊತ್ತಿಗೆ. ಒಬ್ಬ ಹೆಚ್ಚು ದುಡ್ಡು ಕೊಟ್ಟ ಮಾತ್ರಕ್ಕೆ ಇನ್ನೊಬ್ಬ ಅರಸೀಕೆರೆಯಲ್ಲಿ ಇಳಿದು ಅರ್ಧ ಗಂಟೆ ಕಾಯಬೇಕಾಗಿಲ್ಲ. ದುಡ್ಡಿದ್ದವರು ಹೆಚ್ಚು ಆರಾಮವನ್ನು ಕೊಳ್ಳಲಿ, ಒಳ್ಳೆಯ ಊಟ ಕೊಳ್ಳಲಿ, ಉದ್ಯಾನದ ಪಕ್ಕದ ರೆಸಾರ್ಟಿನಲ್ಲಿ ಉಳಿಯಲಿ. ನನ್ನ ತಕರಾರು ಅದಕ್ಕಲ್ಲ. ಎಲ್ಲ ಆಟ ಆಡಬಹುದು ಎಂದು ನನಗೆ ಬೆಳಿಗ್ಗೆ ಟಿಕೆಟ್ ಮಾರಿ, ಅದರೊಳಗಿನ ಅರ್ಧ ಗಂಟೆಯನ್ನು ಮಧ್ಯಾಹ್ನ ಇನ್ನೊಬ್ಬರಿಗೆ ಮತ್ತೊಮ್ಮೆ ಮಾರುವುದಕ್ಕೆ ನನ್ನ ತಕರಾರು.

ಶ್ರೀಮಂತರು ಹೆಚ್ಚು ಕೊಡುವುದರಿಂದಲೇ ಸಾಮಾನ್ಯರ ಟಿಕೆಟ್ ಅಗ್ಗವಾಗಿದೆ ಎಂಬುದು ಇನ್ನೊಂದು ವಾದ. ಹಾಗಿದ್ದರೆ ಫಾಸ್ಟ್ ಟಿಕೆಟ್ ಹೆಚ್ಚು ಮಾರಾಟವಾಗುವ ರಜೆಯ ದಿನಗಳಲ್ಲಿ ಸಾಮಾನ್ಯ ಟಿಕೆಟ್ಟಿನ ದರ ಇಳಿಯಬೇಕಿತ್ತು. ಇಳಿಯುವುದಿಲ್ಲ, ಅದೂ ಏರುತ್ತದೆ. ಅತಿ ಹೆಚ್ಚು ಕಾಯಬೇಕಾದ ದಿನವೇ ಬಡ ಕುಟುಂಬ ಅತಿ ಹೆಚ್ಚು ತೆರುತ್ತದೆ.

ವಯಸ್ಸಾದವರು, ಹಸುಗೂಸು ಎತ್ತಿಕೊಂಡವರು, ಕಾಲುನೋವಿನವರು ಏನು ಮಾಡಬೇಕು ಎಂದು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಅವರಿಗೆ ಖಂಡಿತ ಮುಂದೆ ಜಾಗ ಕೊಡಬೇಕು, ದುಡ್ಡು ಕೇಳದೆ ಕೊಡಬೇಕು. ಕೊಪ್ಪಳದಿಂದ ಬಂದ ಅಜ್ಜಿಯ ಮಂಡಿನೋವು ಇಂದಿರಾನಗರದ ಅಜ್ಜಿಯ ಮಂಡಿನೋವಿಗಿಂತ ಕಡಿಮೆಯದ್ದಲ್ಲ. ಅಷ್ಟಕ್ಕೂ ಇಂಥ ಉದ್ಯಾನಗಳಲ್ಲಿ ಅಜ್ಜಿಯರು, ತಾಯಂದಿರು ಮಾಡುವುದೇನು? ಟಿಕೆಟ್ ಕೊಟ್ಟು ಒಳಗೆ ಬಂದು, ಮರದ ನೆರಳಿನಲ್ಲಿ ಎಲ್ಲರ ಚೀಲ, ಚಪ್ಪಲಿ, ಒದ್ದೆ ಬಟ್ಟೆ ಕಾಯುತ್ತಾ ಕೂತಿರುತ್ತಾರೆ. ಮಕ್ಕಳು ಸಾಲಿನಲ್ಲಿ ಕಳೆಯುವ ಪ್ರತಿ ಅರ್ಧ ಗಂಟೆಯೂ ಈ ಹೆಂಗಸರ ಕಾಯುವಿಕೆಗೂ ಸೇರುತ್ತದೆ. ಅವರ ಸಮಯದ ಲೆಕ್ಕ ಯಾವ ಜಾಹೀರಾತಿನಲ್ಲೂ ಇಲ್ಲ.

ನಮ್ಮ ದೇಶದಲ್ಲಿ ಸಾಲು ನೆಟ್ಟಗೆ ಇದ್ದದ್ದಾದರೂ ಯಾವಾಗ, ಶಿಫಾರಸಿನವರು ಯಾವಾಗಲೂ ನುಗ್ಗುತ್ತಿದ್ದರಲ್ಲ ಎನ್ನುವವರೂ ಉಂಟು. ನುಗ್ಗುತ್ತಿದ್ದರು. ಆದರೆ ನುಗ್ಗಿದವರನ್ನು ಹಿಂದಿನಿಂದ ಯಾರಾದರೂ ಕೂಗಿ ಕೇಳುತ್ತಿದ್ದರು, ನುಗ್ಗಿದವರೂ ಮುಖ ತಿರುಗಿಸಿಕೊಂಡು ನಿಲ್ಲುತ್ತಿದ್ದರು. ತಾವು ಮಾಡಿದ್ದು ತಪ್ಪೆಂದು ಅವರಿಗೆ ಗೊತ್ತಿತ್ತು. ಈಗ ಆ ತಪ್ಪಿಗೆ ರಸೀದಿ ಸಿಗುತ್ತದೆ. ಕೂಗಿ ಕೇಳುವವನನ್ನೇ ಸೆಕ್ಯುರಿಟಿಯವರು ಸುಮ್ಮನಿರಲು ಹೇಳುತ್ತಾರೆ.

ಒಂದು ದಿನದ ಆಟಕ್ಕೆ ಇಷ್ಟೊಂದು ತಲೆಕೆಡಿಸಿಕೊಳ್ಳಬೇಕೆ ಎಂದು ಓದುಗರಿಗೆ ಅನ್ನಿಸಬಹುದು. ನನಗೆ ಆತಂಕವಿರುವುದು ಇಲ್ಲಿ ಕಲಿಯುವವರು ಮಕ್ಕಳು ಎಂಬ ಕಾರಣಕ್ಕೆ. ಒಂದೂವರೆ ಗಂಟೆ ನಿಂತ ಸರಕಾರಿ ಶಾಲೆಯ ಹುಡುಗಿಯೊಬ್ಬಳು ತನ್ನ ವಯಸ್ಸಿನ ಇನ್ನೊಬ್ಬಳು ಪಕ್ಕದ ದಾರಿಯಲ್ಲಿ ನಡೆದುಹೋಗಿ ಕೂರುವುದನ್ನು ನೋಡುತ್ತಾಳೆ. ಆಮೇಲೆ ಅವಳೇ ಎರಡನೆಯ ಸಲ ಬರುವುದನ್ನೂ ನೋಡುತ್ತಾಳೆ. ಐದು ಗಂಟೆಗೆ ಬಸ್ಸು ಹೊರಡುತ್ತದೆ ಎಂದು ಮೇಷ್ಟ್ರು ಹೇಳಿದ್ದಾರೆ. ಅವಳಿಗೆ ಸಿಕ್ಕಿದ್ದು ನಾಲ್ಕೋ ಐದೋ ಆಟ. ಆ ಹುಡುಗಿ ಇದರಿಂದ ಕಲಿಯುವುದೇನು? ತಾಳ್ಮೆಯಿಂದ ನಿಂತವರು ಹಿಂದೆ ಉಳಿಯುತ್ತಾರೆ ಎಂದು. ಮುಂದೆ ಹೋದ ಹುಡುಗಿ ಕಲಿಯುವ ಪಾಠ ಇನ್ನೂ ಕೆಟ್ಟದ್ದು. ನಿಂತವರ ಮುಖ ನೋಡದೆ ದಾಟಿಹೋಗುವುದನ್ನು ಅವಳಿಗೆ ಅಪ್ಪ ಅಮ್ಮನೇ ಕೈ ಹಿಡಿದು ಕಲಿಸುತ್ತಿದ್ದಾರೆ. ಶಾಲೆಯ ಸಮಾಜ ವಿಜ್ಞಾನದ ಪುಸ್ತಕದಲ್ಲಿ ಸಮಾನತೆಯ ಪಾಠ ಓದಿಸಿ, ಪ್ರವಾಸಕ್ಕೆ ಕರೆದೊಯ್ದು ಅದರ ವಿರುದ್ಧದ ಪ್ರಾತ್ಯಕ್ಷಿಕೆ ತೋರಿಸಿದಂತೆ ಇದು.

ಆಟದಲ್ಲಿ ಕಲಿತದ್ದು ಆಟದಲ್ಲೇ ಉಳಿಯುವುದಿಲ್ಲ. ಅಮೆರಿಕದ ರಾಜಕೀಯ ಚಿಂತಕ ಮೈಕೆಲ್ ಸ್ಯಾಂಡೆಲ್ 2012ರಲ್ಲಿ, ಹಣದಿಂದ ಕೊಳ್ಳಬಾರದ ಸಂಗತಿಗಳ ಬಗ್ಗೆ ಒಂದು ಪುಸ್ತಕ ಬರೆದರು. ಅದರ ಮೊದಲ ಅಧ್ಯಾಯವೇ ಸಾಲು ಮುರಿಯುವುದರ ಬಗ್ಗೆ. ವಿಮಾನ ನಿಲ್ದಾಣದಿಂದ, ಥೀಮ್ ಪಾರ್ಕಿನಿಂದ ಹೊರಟ ಅವರ ವಾದ ವೈದ್ಯರ ಬಾಗಿಲಿಗೂ, ನ್ಯಾಯಾಲಯಕ್ಕೂ ಬಂದು ಮುಟ್ಟುತ್ತದೆ. ನಮಗೆ ಅಷ್ಟು ದೂರ ಹೋಗಬೇಕಾಗಿಲ್ಲ. ತಿರುಮಲದಲ್ಲಿ 300 ರೂಪಾಯಿಯ ವಿಶೇಷ ಪ್ರವೇಶ ದರ್ಶನವಿದೆ. ಹಜ್ ಯಾತ್ರೆಯಲ್ಲಿ ಗಣ್ಯರ ಶಿಫಾರಸಿಗೆಂದು ಮೀಸಲಿಟ್ಟಿದ್ದ ಕೋಟಾವನ್ನು ಕೇಂದ್ರ ಸರಕಾರ ರದ್ದುಪಡಿಸಿದ್ದು 2023ರಲ್ಲಿ. ಅಲ್ಲಿಯವರೆಗೆ ನಮ್ಮವರೂ ಅದನ್ನು ಸಹಜವೆಂದೇ ಒಪ್ಪಿಕೊಂಡಿದ್ದೆವು. ದೇವರ ಮುಂದೆ ಎಲ್ಲರೂ ಸಮಾನರು ಎಂದು ಹೇಳುವ ಯಾವ ಸಮುದಾಯವೂ ಈ ರೋಗದಿಂದ ಹೊರತಾಗಿಲ್ಲ. ನಾಳೆ ಜಿಲ್ಲಾ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ 200 ರೂಪಾಯಿ ಕೊಟ್ಟವರಿಗೆ ಬೇರೆ ಬಾಗಿಲು ಇಟ್ಟರೆ, ಅದನ್ನು ಪ್ರಶ್ನಿಸುವ ಶಕ್ತಿ ಉಳಿದಿರುತ್ತದೆಯೆ? ಬಾಲ್ಯದಲ್ಲೇ ಪಕ್ಕದ ಬಾಗಿಲಿನಿಂದ ಹೋಗಿ ರೂಢಿಯಾದವರು, ಪಕ್ಕದ ಬಾಗಿಲನ್ನು ನೋಡುತ್ತ ನಿಂತು ರೂಢಿಯಾದವರು, ಇಬ್ಬರೂ ಪ್ರಶ್ನಿಸುವುದಿಲ್ಲ.

ಹಾಗಾದರೆ ಮಾಡುವುದೇನು? ಪಾರ್ಕುಗಳನ್ನು ಮುಚ್ಚಿಸಬೇಕಾಗಿಲ್ಲ. ಕೆಲವು ಸಣ್ಣ ಬೇಡಿಕೆಗಳನ್ನಾದರೂ ನಾವು ಇಡಬಹುದು. ಶಾಲಾ ಪ್ರವಾಸಗಳು ಬರುವ ದಿನಗಳಲ್ಲಿ, ವರ್ಷಾಂತ್ಯದ ರಜೆಯ ವಾರಗಳಲ್ಲಿ ಸಾಲು ದಾಟುವ ಟಿಕೆಟ್ ಮಾರಬಾರದು. ಮಾರುವ ದಿನಗಳಲ್ಲಿ ಇಂದು ಇಂಥ ಟಿಕೆಟ್ ಎಷ್ಟು ಮಾರಿದ್ದೇವೆ, ಪ್ರತಿ ಆಟದ ಮುಂದೆ ಈಗ ಎಷ್ಟು ಹೊತ್ತು ಕಾಯಬೇಕು ಎಂದು ಟಿಕೆಟ್ ಕಿಂಡಿಯ ಬಳಿಯೇ ಫಲಕ ಹಾಕಬೇಕು. ಕೊಳ್ಳುವ ಮೊದಲು ತಾನು ಕೊಳ್ಳುತ್ತಿರುವುದೇನು ಎಂದು ಗಿರಾಕಿಗೆ ತಿಳಿಯಬೇಕಲ್ಲ. ಒಂದು ಮಿತಿ ಮೀರಿದ ಮೇಲೆ ಗೇಟು ಮುಚ್ಚಬೇಕು. ಸಾಲಿಗೆ ನೆರಳು, ಕುಡಿಯುವ ನೀರು, ಕೂರಲು ಕಟ್ಟೆ ಇರಬೇಕು. ಮುಖ್ಯವಾಗಿ, ಹೊತ್ತು ಗೊತ್ತುಮಾಡಿಕೊಡುವ ಉಚಿತ ಚೀಟಿಯನ್ನು ಎಲ್ಲರಿಗೂ ಕೊಡಬೇಕು. 1999ರ ತಂತ್ರಜ್ಞಾನದಲ್ಲಿ ಸಾಧ್ಯವಾದದ್ದು ಎಲ್ಲರ ಕೈಯಲ್ಲೂ ಮೊಬೈಲ್ ಇರುವ ಇಂದು ಅಸಾಧ್ಯವಾಗಲಾರದು.

ಖಾಸಗಿಯವರನ್ನು ಹೀಗೆ ಕೇಳಲು ನಮಗೇನು ಹಕ್ಕು ಎನ್ನುವವರು ಒಂದು ಸಂಗತಿ ನೆನಪಿಡಬೇಕು. ಜಿಎಸ್‌ಟಿ ಬಂದಾಗ ಇಂಥ ಉದ್ಯಾನಗಳ ಪ್ರವೇಶದ ಮೇಲೆ ಶೇ. 28ರ ತೆರಿಗೆ ಇತ್ತು. ಉದ್ಯಮ ಮನವಿ ಮಾಡಿಕೊಂಡಿತು. 2018ರ ಜನವರಿಯಲ್ಲಿ ಅದನ್ನು ಶೇ. 18ಕ್ಕೆ ಇಳಿಸಲಾಯಿತು. ಕುಟುಂಬಗಳಿಗೆ, ಮಕ್ಕಳಿಗೆ ಒಳ್ಳೆಯ ಮನರಂಜನೆ ಎಂಬುದೇ ಅದಕ್ಕೆ ಕೊಟ್ಟ ಸಮರ್ಥನೆ. ಮಕ್ಕಳ ಹೆಸರಿನಲ್ಲಿ ರಿಯಾಯಿತಿ ಪಡೆದವರನ್ನು ಮಕ್ಕಳ ಪರವಾಗಿ ಒಂದು ಮಾತು ಕೇಳುವುದು ಅತಿಯಾಗದು. ಶಿಕ್ಷಣ ಇಲಾಖೆಯೂ ಕೇಳಬಹುದು. ಪ್ರವಾಸಕ್ಕೆ ಗುಂಪು ರಿಯಾಯಿತಿ ಎಷ್ಟು ಎಂದು ವಿಚಾರಿಸುವ ಮುಖ್ಯೋಪಾಧ್ಯಾಯರು, ನಮ್ಮ ಮಕ್ಕಳು ಬರುವ ದಿನ ಸರದಿ ಮಾರುತ್ತೀರಾ ಎಂದೂ ವಿಚಾರಿಸಲಿ. ನಾಲ್ಕು ಬಸ್ಸು ಮಕ್ಕಳನ್ನು ಕರೆತರುವ ಶಾಲೆಯ ಮಾತಿಗೆ ಬೆಲೆ ಇದ್ದೇ ಇರುತ್ತದೆ.

ಸರಕಾರಕ್ಕೂ ಒಂದು ಮಾತು. ಹೈದರ್ ಅಲಿ 1760ರಲ್ಲಿ ಅರಸರ ತೋಟವಾಗಿ ಆರಂಭಿಸಿದ ಲಾಲ್‌ಬಾಗ್ ಇಂದು ಎಲ್ಲರದ್ದಾಗಿದೆ. 1870ರಲ್ಲಿ ಬ್ರಿಟಿಷರು ಮಾಡಿದ ಕಬ್ಬನ್ ಪಾರ್ಕಿನಲ್ಲಿ ಬಾಲಭವನವಿದೆ. ಅಲ್ಲಿನ ಪುಟಾಣಿ ರೈಲಿನಲ್ಲಿ ಬೆಂಗಳೂರಿನ ಎಷ್ಟು ತಲೆಮಾರಿನ ಮಕ್ಕಳು ಕೂತಿದ್ದಾರೋ. ಅರಸರು, ಪರಕೀಯರು ಬಿಟ್ಟುಹೋದ ಜಾಗಗಳನ್ನು ಸಾರ್ವಜನಿಕರಿಗೆ ತೆರೆದ ನಾವು, ಸ್ವತಂತ್ರರಾದ ಮೇಲೆ ಮಕ್ಕಳ ಆಟಕ್ಕೆಂದು ಅಂಥ ಎಷ್ಟು ಜಾಗಗಳನ್ನು ನಾವಾಗಿಯೇ ಕಟ್ಟಿದ್ದೇವೆ? ರಾಯಚೂರಿನ, ಬೀದರಿನ, ಕೋಲಾರದ ಮಗುವಿಗೆ ತನ್ನ ಜಿಲ್ಲೆಯಲ್ಲೇ ಒಂದು ಒಳ್ಳೆಯ ಆಟದ ಜಾಗ ಸಿಕ್ಕರೆ, ಬಿಡದಿಯ ಸಾಲು ತಾನಾಗಿ ಕರಗುತ್ತದೆ.

ಕೊನೆಗೆ, ಕೊಳ್ಳುವ ಶಕ್ತಿ ಇರುವವರಿಗೆ. ಈ ಪತ್ರಿಕೆಯ ಓದುಗರಲ್ಲೂ ಅಂಥವರು ಸಾಕಷ್ಟಿದ್ದಾರೆ. ವರ್ಷಕ್ಕೊಮ್ಮೆ ಸಿಗುವ ರಜೆ, ಮಕ್ಕಳು ದಣಿಯುತ್ತಾರೆ, ಹೋಗಲಿ ಬಿಡಿ ಎಂದು ಕಾರ್ಡ್ ಚಾಚುವುದು ಸುಲಭ. ಚಾಚುವ ಮೊದಲು ಪಕ್ಕದ ಸಾಲಿನ ಕಡೆ ಒಮ್ಮೆ ತಿರುಗಿ ನೋಡಿ. ಅಲ್ಲಿ ನಿಂತಿರುವವರೂ ವರ್ಷಕ್ಕೊಮ್ಮೆ ಬಂದವರೇ, ಎಷ್ಟೋ ಜನರಿಗೆ ಅದು ಜೀವಮಾನಕ್ಕೊಮ್ಮೆ. ನಿಮ್ಮ ಮಗು ಆ ಸಾಲಿನಲ್ಲಿ ನಿಂತರೆ ನಾಲ್ಕು ಆಟ ಕಡಿಮೆ ಸಿಗಬಹುದು. ಮುಂದೆ ನಿಂತ ಹುಡುಗನ ಊರು ಯಾವುದೆಂದು ಕೇಳಬಹುದು, ಹಿಂದೆ ನಿಂತವರಿಗೆ ಕಡ್ಲೆಕಾಯಿ ಹಂಚಬಹುದು, ಕಾಯುವುದು ಅವಮಾನವಲ್ಲ ಎಂದು ತಿಳಿಯಬಹುದು. ದಯವಿಟ್ಟು ಈ ಡಿಸೆಂಬರಿನಲ್ಲಿ ಆ ಟಿಕೆಟ್ ಕೊಳ್ಳಬೇಡಿ. ಟಿಕೆಟ್ ಕಿಂಡಿಯಲ್ಲಿ ಕೂತವರು ಬೇಕೆ ಎಂದು ಕೇಳಿದಾಗ, ಯಾಕೆ ಬೇಡ ಎಂದು ಮಗುವಿಗೆ ಕೇಳಿಸುವಂತೆ ಹೇಳಿ.